ಕೈ ಕೊಟ್ಟರೆ ಸಹಾಯವಾ, ಮೋಸವಾ? ಮಗಳ ಇಂಗ್ಲಿಷ್ ನುಡಿಗಟ್ಟು, ನಮ್ಮ ಮಂಡೆಬಿಸಿ

ಕದ್ರಿಗುಡ್ಡೆ · ಶನಿವಾರ ರಾತ್ರಿ 9:40

ನಮಸ್ಕಾರ. ಸ್ವಲ್ಪ ಉದ್ದ ಆದೀತು, ಬೈಬೇಡಿ.

ಮಗಳು ಎಂಟನೇ ಕ್ಲಾಸು. ಸೋಮವಾರ ಇಂಗ್ಲಿಷ್ ಟೆಸ್ಟು. ಶಾಲೆಯಲ್ಲಿ ಒಂದು ಜೆರಾಕ್ಸ್ ಹಾಳೆ ಕೊಟ್ಟಿದ್ದಾರೆ, ತಲೆಯಿಂದ ಕಾಲಿನವರೆಗೆ ಅಂಗಾಂಗಗಳ ಮೇಲೆ ನಲವತ್ತು ಇಂಗ್ಲಿಷ್ ನುಡಿಗಟ್ಟು. ಅರ್ಥ ಬರೆದು ವಾಕ್ಯದಲ್ಲಿ ಬಳಸಬೇಕು. ನಾನು ನೀರುದೋಸೆ ಎರೆಯುತ್ತಾ ಇದ್ದೆ, ಅವಳು ಅಲ್ಲೇ ಮಣೆ ಹಾಕಿಕೊಂಡು ಜೋರಾಗಿ ಓದುತ್ತಿದ್ದಳು. ನನ್ನ ಅತ್ತೆ ಸುಳ್ಯದ ಕಡೆಯವರು, ಅರೆಭಾಷೆ ಮಾತಾಡುವವರು. (ಅವರ ಮಾತನ್ನು ಇಲ್ಲಿ ತಿದ್ದಿ ಬರೆದಿದ್ದೇನೆ.) ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಕಿವಿ ಚುರುಕು. ಒಂದೊಂದಕ್ಕೂ "ಹಾಗೆಂದ್ರೆ ಎಂತ?" ಇವಳು ಪದಕ್ಕೆ ಪದ ಇಟ್ಟು ಕನ್ನಡ ಮಾಡಿ ಹೇಳುವುದು.

"ಗಿವ್ ಮಿ ಎ ಹ್ಯಾಂಡ್ ಅಂದ್ರೆ, ನನಗೊಂದು ಕೈ ಕೊಡಿ."
"ಅದನ್ನು ಕೇಳಿ ಬೇರೆ ತಗೊಳ್ತಾರಾ? ಕೈ ಕೊಡುವವರು ಹೇಳದೇ ಕೊಡ್ತಾರೆ ಪುಟ್ಟಾ. ನಿನ್ನ ಅಜ್ಜನಿಗೆ ಅಡಿಕೆ ಯಾಪಾರದ ಪಾಲುದಾರ ಕೊಟ್ಟ ಹಾಗೆ."

ಮುಂದಿನದ್ದು ಕೋಲ್ಡ್ ಫೀಟ್, ಅಂದರೆ ಕೊನೆ ಗಳಿಗೆಯಲ್ಲಿ ಹೆದರಿ ಹಿಂಜರಿಯುವುದು. "ಕಾಲು ತಣ್ಣಗಾಯಿತು ಅಜ್ಜಿ."
"ಅಯ್ಯೋ ದೇವರೇ, ಯಾರದ್ದು?"
"ಮದುಮಗನದ್ದು. ಮದುವೆ ದಿನ."
ಅತ್ತೆ ಎದ್ದು ದೇವರ ಕೋಣೆಗೇ ಹೋದರು.

ಇನ್ನೊಂದು ಕೇಳಿ. ಕಳೆದ ಟೆಸ್ಟಿನಲ್ಲಿ ಹಾಟ್‌ಹೆಡೆಡ್ ಎಂಬ ಪದಕ್ಕೆ ಮಗಳು ಬರೆದ ವಾಕ್ಯದ ಅರ್ಥ ಇಷ್ಟು: "ಕರೆಂಟ್ ಬಿಲ್ ನೋಡಿ ಅಪ್ಪ ಹಾಟ್‌ಹೆಡೆಡ್ ಆದರು." ಅವಳ ಮನಸ್ಸಿನಲ್ಲಿದ್ದದ್ದು ನಮ್ಮ ಮಂಡೆಬಿಸಿ, ಅಂದರೆ ಚಿಂತೆ. ಟೀಚರು ಓದಿದ್ದು ಸಿಟ್ಟು ಅಂತ. ಪೂರ್ತಿ ಮಾರ್ಕು! ತಪ್ಪು ಮಾಡಿದ್ದೂ ಗೊತ್ತಾಗಲಿಲ್ಲ, ಕಲಿತದ್ದೂ ಇಲ್ಲ.

ಈ ನಲವತ್ತನ್ನು ಮಕ್ಕಳಿಗೆ ಹೇಗೆ ಕಲಿಸುವುದು ಮಾರಾಯ್ರೇ? ಉರು ಹೊಡೆಸುವುದು ಬಿಟ್ಟು ಬೇರೆ ದಾರಿ ಉಂಟಾ?

ಕುಂದಾಪ್ರ ಮಾಣಿ · ಶನಿವಾರ ರಾತ್ರಿ 9:52

ಹ್ವಾಯ್, ನಿಮ್ಮ ಅತ್ತೆಯವರಿಗೆ ಒಂದು ಅಕೌಂಟ್ ಮಾಡಿ ಕೊಡಿ ಇಲ್ಲಿ. ನಾವೆಲ್ಲ ಸುಮ್ನೆ ಕೂತು ಓದ್ತೇವೆ.

ನನ್ನದೊಂದು. ಹತ್ತನೇ ಕ್ಲಾಸಿನಲ್ಲಿ "ಹಿ ಪುಟ್ ಹಿಸ್ ಫುಟ್ ಇನ್ ಹಿಸ್ ಮೌತ್" ಎಂಬುದಕ್ಕೆ ನಾನು ಕೊಟ್ಟ ಅರ್ಥ, "ಅವನಿಗೆ ಕಾಲುಬಾಯಿ ರೋಗ ಬಂತು". ಸರಿಯಾದ ಅರ್ಥ, ಆಡಬಾರದ್ದನ್ನು ಆಡಿ ಮುಜುಗರಪಟ್ಟ ಅಂತ. ನಮ್ಮ ಹಟ್ಟಿಯಲ್ಲಿ ಆ ವರ್ಷ ಎರಡು ದನಕ್ಕೆ ಬಂದಿತ್ತು, ತಪ್ಪು ನನ್ನದಲ್ಲ.

ಅಂಬಲಪಾಡಿ ಮಾಷ್ಟ್ರು · ಶನಿವಾರ ರಾತ್ರಿ 10:31

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಉರು ಹೊಡೆಸಿದ್ದೇನೆ, ಸುಳ್ಳು ಹೇಳುವುದಿಲ್ಲ. ನಿವೃತ್ತಿಯ ಹೊತ್ತಿಗೆ ಒಂದು ಉಪಾಯ ಕಂಡಿತು. ಮಕ್ಕಳ ಹತ್ತಿರ ಅರ್ಥ ಕೇಳಬಾರದು. "ಈ ಕೆಲಸವನ್ನು ನಮ್ಮ ಮನೆಯಲ್ಲಿ ಯಾವ ಅಂಗ ಮಾಡುತ್ತದೆ?" ಎಂದು ಕೇಳಬೇಕು.

ಮೈ ಒಂದೇ. ಆದರೆ ಯಾವ ಅಂಗಕ್ಕೆ ಯಾವ ಕೆಲಸ ಎಂದು ಒಂದೊಂದು ಭಾಷೆ ಒಂದೊಂದು ರೀತಿ ಹಂಚಿದೆ. ನೆನಪನ್ನೇ ತಗೊಳ್ಳಿ. ಇಂಗ್ಲಿಷಿನವ ಪದ್ಯವನ್ನು ಹೃದಯದಿಂದ ಕಲಿಯುತ್ತಾನೆ, ಬೈ ಹಾರ್ಟ್. ಅದು 14ನೇ ಶತಮಾನದ ಚಾಸರನ ಕಾಲಕ್ಕೇ ಇದ್ದ ಮಾತು. ಫ್ರೆಂಚರದ್ದೂ ಹೃದಯವೇ. ನಮ್ಮಲ್ಲಿ? ಬಾಯಿಪಾಠ, ಕಂಠಪಾಠ. ಮಗ್ಗಿ ಇರುವುದು ಗಂಟಲಲ್ಲಿ. ಸಂಜೆ ದೀಪ ಹಚ್ಚಿ ಜಗಲಿಯಲ್ಲಿ ಕೂತು ಗಟ್ಟಿ ಧ್ವನಿಯಲ್ಲಿ ಒಪ್ಪಿಸಿದವರಿಗೆ ಹಾಗಲ್ಲದೆ ಹೇಗೆ ಅನಿಸೀತು?

ಹೊಟ್ಟೆಗೆ ಬನ್ನಿ. ಕನ್ನಡದ ಹೊಟ್ಟೆ ದೊಡ್ಡ ಆಫೀಸು. ಅಸೂಯೆ ಅಲ್ಲಿಯೇ ಉರಿಯುವುದು, ಹೊಟ್ಟೆಕಿಚ್ಚು. ಇಂಗ್ಲಿಷಿನಲ್ಲಿ ಅಸೂಯೆಯ ಜಾಗ ಕಣ್ಣು, ಅದೂ ಹಸಿರು ಕಣ್ಣು, ಶೇಕ್ಸ್‌ಪಿಯರನ ಕೃಪೆ. ಕ್ಷಮೆ ಕೂಡ ನಮ್ಮಲ್ಲಿ ಹೊಟ್ಟೆಯ ಖಾತೆ: "ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ." ಇಲ್ಲಿ ಒಂದು ಚಂದ ನೋಡಿ. ಸಹಿಸಲಾಗದ್ದನ್ನು ಇಂಗ್ಲಿಷಿನವನೂ "ಐ ಕಾಂಟ್ ಸ್ಟಮಕ್ ಇಟ್" ಅನ್ನುತ್ತಾನೆ. ಅವನ ಹೊಟ್ಟೆಗೂ ಅದು ಹೋಗುವುದಿಲ್ಲ!

ಧೈರ್ಯ ನಮಗೆ ಎದೆಯಲ್ಲಿ, ಎದೆಗಾರಿಕೆ. "ಗುಂಡಿಗೆ ಬೇಕು ಅದಕ್ಕೆ" ಅನ್ನುತ್ತೇವೆ. ಇಂಗ್ಲಿಷಿನ ಗಟ್ಸ್ ಕರುಳಿನಲ್ಲಿ. ಆದರೆ ಕರೇಜ್ ಎಂಬ ಪದದ ಬೇರು ಹುಡುಕಿದರೆ ಹಳೆ ಫ್ರೆಂಚಿನ ಮೂಲಕ ಲ್ಯಾಟಿನಿನ ಕೋರ್ ಸಿಗುತ್ತದೆ, ಅಂದರೆ ಹೃದಯ. ಒಳಹೊಕ್ಕು ನೋಡಿದರೆ ಅದೂ ಎದೆಗಾರಿಕೆಯೇ. ನಮ್ಮ ಕರುಳಿಗೆ ಬೇರೆ ಕೆಲಸ ಉಂಟು. ಅದು ಅಮ್ಮನದ್ದು, ಚುರುಕ್ ಅನ್ನುವುದು ಅದರ ಕೆಲಸ.

ಪಿತ್ತ ಎರಡೂ ಕಡೆಯವರನ್ನು ಕಾಡಿದೆ. ನಮ್ಮವರಿಗೆ ಪಿತ್ತ ನೆತ್ತಿಗೇರಿದರೆ ಸಿಟ್ಟು. ಅವರ ಮೆಲಾಂಕೊಲಿ ಎಂದರೆ ಗ್ರೀಕಿನಲ್ಲಿ ಕಪ್ಪು ಪಿತ್ತ, ಅದು ದುಃಖ. ಆಯುರ್ವೇದದವರು ಇಲ್ಲಿ, ಗ್ರೀಕ್ ವೈದ್ಯರು ಅಲ್ಲಿ, ಇಬ್ಬರೂ ಮನಸ್ಸಿನ ಲೆಕ್ಕವನ್ನು ಒಳಗಿನ ರಸಗಳ ಮೇಲೆ ಬರೆದವರು. ವೈದ್ಯ ಹೋದರೂ ಮಾತು ಉಳಿಯಿತು.

ಕೈ ಕೊಡುವುದರ ಬಗ್ಗೆ ನಿಮ್ಮ ಅತ್ತೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಮಳೆ ಕೈ ಕೊಡುತ್ತದೆ, ಬೈಕು ಕೈ ಕೊಡುತ್ತದೆ, ಗೆಳೆಯ ಕೈ ಕೊಡುತ್ತಾನೆ. ಸಹಾಯ ಮಾಡುವವ ಕೈ *ಹಿಡಿಯುತ್ತಾನೆ*, ಅಥವಾ ಕೈ ಜೋಡಿಸುತ್ತಾನೆ.

ಪಿಗ್ಮಿ ಮಾಮ · ಭಾನುವಾರ ಬೆಳಿಗ್ಗೆ 6:15

ಎಲ್ಲರಿಗೂ ಶುಭೋದಯ 🙏🌸 ಈ ವಿಷಯದ ಮೇಲೆ ನಮ್ಮ ಬ್ಯಾಂಕ್ ನಿವೃತ್ತರ ಗುಂಪಿನಲ್ಲಿ ಬಂದ ಒಳ್ಳೆಯ ಮಾಹಿತಿ:

"ಕಾಸ್ಟ್ಸ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್": ಹಿಂದೆ ಕ್ಯಾಮೆರಾ ಇರಲಿಲ್ಲ. ಚಿತ್ರಗಾರರು ಕೈಕಾಲು ಸೇರಿಸಿ ಬರೆಯಲು ಹೆಚ್ಚು ಹಣ ಕೇಳುತ್ತಿದ್ದರು. ಅದಕ್ಕೇ ಹಳೆ ಚಿತ್ರಗಳಲ್ಲಿ ಕೈ ಕೋಟಿನೊಳಗೆ!

"ರೂಲ್ ಆಫ್ ಥಂಬ್": ಹೆಬ್ಬೆರಳಿಗಿಂತ ದಪ್ಪ ಇಲ್ಲದ ಕೋಲಿನಿಂದ ಹೆಂಡತಿಗೆ ಹೊಡೆಯಬಹುದು ಎಂದು ಇಂಗ್ಲೆಂಡಿನಲ್ಲಿ ಕಾನೂನಿತ್ತು!

"ಪುಲ್ಲಿಂಗ್ ಯುವರ್ ಲೆಗ್": ಗಲ್ಲಿಗೆ ಹಾಕಿದವನು ಬೇಗ ಸಾಯಲಿ ಎಂದು ಬಂಧುಗಳು ಕಾಲು ಹಿಡಿದು ಎಳೆಯುತ್ತಿದ್ದರು!

ತಿಳಿದುಕೊಳ್ಳಿ, ಇತರರಿಗೂ ತಿಳಿಸಿ.

ಅಂಬಲಪಾಡಿ ಮಾಷ್ಟ್ರು · ಭಾನುವಾರ ಬೆಳಿಗ್ಗೆ 8:05

ಮಾಮನವರೇ, ಬೇಸರ ಮಾಡಬೇಡಿ. ಮೂರೂ ಕಟ್ಟುಕಥೆ.

ಆರ್ಮ್ ಆ್ಯಂಡ್ ಎ ಲೆಗ್ ಎಂಬುದು 20ನೇ ಶತಮಾನದ ನಡುಭಾಗದ ಅಮೆರಿಕದ ಮಾತು. ಆ ಹೊತ್ತಿಗೆ ಮನೆಮನೆಗೆ ಕ್ಯಾಮೆರಾ ಬಂದಾಗಿತ್ತು.

ರೂಲ್ ಆಫ್ ಥಂಬ್ 17ನೇ ಶತಮಾನದಿಂದ ಇದೆ. ಅಳತೆಪಟ್ಟಿ ಇಲ್ಲದವ ಹೆಬ್ಬೆರಳಲ್ಲಿ ಅಂದಾಜು ಅಳೆದ ಹಾಗೆ, ಅಷ್ಟೆ. ಹೆಂಡತಿಯ ಕಥೆ ಹುಟ್ಟಲು ಒಂದು ಎಳೆ ಉಂಟು. ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶ ಹಾಗೆ ಹೇಳಿದನೆಂದು ಸುದ್ದಿಯಾಗಿ, 1782ರಲ್ಲಿ ಗಿಲ್‌ರೇ ಎಂಬ ವ್ಯಂಗ್ಯಚಿತ್ರಗಾರ ಅವನನ್ನು ಜಡ್ಜ್ ಥಂಬ್ ಎಂದು ಬರೆದು ಗೇಲಿ ಮಾಡಿದ. ಅಂಥ ತೀರ್ಪು ಯಾವ ದಾಖಲೆಯಲ್ಲೂ ಸಿಕ್ಕಿಲ್ಲ. ಮಾತು ಅವನಿಗಿಂತ ನೂರು ವರ್ಷ ಹಿರಿಯದು.

ಗಲ್ಲಿನ ಕಥೆ ಟೈಬರ್ನ್ ಎಂಬ ಜಾಗದ್ದು. ಲಂಡನ್ನಿನ ಟೈಬರ್ನಿನಲ್ಲಿ ಕೊನೆಯ ಗಲ್ಲು ಆದದ್ದು 1783ರಲ್ಲಿ. ತಮಾಷೆ ಎಂಬ ಅರ್ಥದ ಲೆಗ್ ಪುಲ್ಲಿಂಗ್ ಅಚ್ಚಿನಲ್ಲಿ ಕಾಣುವುದು 19ನೇ ಶತಮಾನದಲ್ಲಿ. ಮೇಲಾಗಿ, ಸಾಯುವವನ ಕಾಲೆಳೆಯುವುದಕ್ಕೂ ಕುಶಾಲಿಗೂ ಎಂಥ ಸಂಬಂಧ? ಯಾರದ್ದೋ ಕಾಲಿಗೆ ಏನೋ ಸಿಕ್ಕಿಸಿ ಎಡವಿ ಬೀಳಿಸಿ ನಗುವ ಹುಡುಗಾಟ ನೋಡಿದವನಿಗೆ ಈ ಮಾತು ಹೊಳೆಯಲು ಗಲ್ಲು ಬೇಕಾಗುವುದಿಲ್ಲ.

ಇಂಥ ಕಥೆಗಳ ಗುರುತು ಒಂದೇ. ಓದಿದ ಕೂಡಲೇ ನಾಲ್ಕು ಜನರಿಗೆ ಕಳಿಸುವ ಅನ್ನಿಸುತ್ತದೆ.

ಪಿಗ್ಮಿ ಮಾಮ · ಭಾನುವಾರ ಬೆಳಿಗ್ಗೆ 9:20

ಆಯಿತು ಮಾಷ್ಟ್ರೇ, ಡಿಲೀಟ್ ಮಾಡಿದೆ. ಅಲ್ಲಿ ಆಗಲೇ ಹದಿನೇಳು ಜನ ಕೈಮುಗಿದಾಗಿದೆ, ಅದಕ್ಕೇನು ಮಾಡುವುದು.

ಹೆಬ್ಬೆರಳಿನ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ, ಇದು ಫಾರ್ವರ್ಡ್ ಅಲ್ಲ. 80ರ ದಶಕದಲ್ಲಿ ಉಡುಪಿ ಹತ್ತಿರದ ಒಂದು ಶಾಖೆಯಲ್ಲಿ ಕೌಂಟರಿನಲ್ಲಿದ್ದೆ. ದಿನಕ್ಕೆ ಎಂಟಾಣೆ ಒಂದು ರೂಪಾಯಿ ಪಿಗ್ಮಿ ಕಟ್ಟಿ ವರ್ಷದ ಕೊನೆಗೆ ತೆಗೆಯಲು ಬರುವ ಮೀನಿನ ಹೆಂಗಸರು, ಬೀಡಿ ಕಟ್ಟುವವರು. ಹೆಚ್ಚಿನವರದ್ದು ಹೆಬ್ಬೆಟ್ಟು. ಉತ್ತರದಿಂದ ಹೊಸದಾಗಿ ಬಂದ ಆಫೀಸರ್ ಸಾಲದ ಅರ್ಜಿ ನೋಡಿ "ಇದಕ್ಕೆ ರೂಲ್ ಆಫ್ ಥಂಬ್ ಎಂತ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಹಳೆ ಅಟೆಂಡರ್ ತಕ್ಷಣ ಸ್ಟ್ಯಾಂಪ್ ಪ್ಯಾಡ್ ತಂದು ಎದುರಿಗಿಟ್ಟರು: "ಎಡಗೈಯದ್ದು ಸಾರ್, ಗಂಡಸರಿಗೆ. ಹೆಂಗಸರಿಗೆ ಬಲಗೈ." ಆ ಆಫೀಸರ್ ವರ್ಗ ಆಗಿ ಹೋಗುವವರೆಗೂ ಅದೇ ನಿಯಮ ಅಂದುಕೊಂಡಿದ್ದರೋ ಏನೋ.

ಇಂಗ್ಲಿಷಿನವರ ಹೆಬ್ಬೆರಳು ಮೇಲೆತ್ತಿದರೆ ಶಭಾಷ್, ಹಸಿರಾದರೆ ತೋಟಗಾರ. ನಮ್ಮಲ್ಲಿ ಪಾಪ, ಹೆಬ್ಬೆಟ್ಟು ಎಂದರೆ ಓದುಬರಹ ಇಲ್ಲದವರು. ಆ ಹೆಂಗಸರ ಬಾಯಿಲೆಕ್ಕ ನಮ್ಮ ಲೆಡ್ಜರಿಗಿಂತ ಸರಿ ಇರುತ್ತಿತ್ತು, ಅದು ಬೇರೆ ಮಾತು.

ಜೆಪ್ಪು ಮೌಶಿ · ಭಾನುವಾರ ಮಧ್ಯಾಹ್ನ 12:48

ಪೂಜೆ ಮುಗಿಸಿ ಬಂದು ಓದ್ತಾ ಇದ್ದೇನೆ, ನಗು ತಡೀಲಿಕ್ಕೆ ಆಗ್ಲಿಲ್ಲ.

ನಾನು ಇಪ್ಪತ್ತು ವರ್ಷದಿಂದ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಮಾಡುವವಳು. ನಿಮ್ಮ ಮಗಳ ಹಾಳೆಯಲ್ಲಿ ಅರ್ಧದಷ್ಟು ಬೈಬಲ್ಲಿನಿಂದಲೇ ಬಂದಿರಬೇಕು. ಬೈ ದಿ ಸ್ಕಿನ್ ಆಫ್ ಮೈ ಟೀತ್ ಉಂಟಲ್ಲ, ಅದು ಯೋಬನ ಗ್ರಂಥ, 19ನೇ ಅಧ್ಯಾಯ 20ನೇ ವಚನ. ಎಲ್ಲ ಕಳಕೊಂಡ ಯೋಬ ಹಲ್ಲಿನ ಚರ್ಮದಷ್ಟರಲ್ಲಿ ಪಾರಾದೆ ಅಂತಾನೆ. 1611ರ ಕಿಂಗ್ ಜೇಮ್ಸ್ ಬೈಬಲ್ಲು ಇಂಥ ಎಷ್ಟೋ ಮಾತನ್ನು ಊರೂರಿಗೆ ಹಂಚಿತು. ವಾಶಿಂಗ್ ಹ್ಯಾಂಡ್ಸ್ ಅಂದ್ರೆ ಪಿಲಾತ, ಯೇಸುವಿನ ವಿಚಾರಣೆ ಮಾಡಿದ ರೋಮನ್ ಅಧಿಕಾರಿ. ಜನರ ಎದುರು ನೀರು ತಕ್ಕೊಂಡು ಕೈ ತೊಳೆದು "ಈ ರಕ್ತಕ್ಕೆ ನಾನು ಹೊಣೆ ಅಲ್ಲ" ಅಂದ, ಮತ್ತಾಯ 27ರಲ್ಲಿ. ಕನ್ನಡದಲ್ಲಿ ಕೈ ತೊಳಕೊಂಡ ಅಂದ್ರೆ ಹೆಚ್ಚಾಗಿ "ಇದ್ದದ್ದೂ ಹೋಯ್ತು" ಅಂತ ಅಲ್ವಾ? ದುಡ್ಡಿಗೆ ಕೈ ತೊಳಕೊಂಡ, ಜೀವಕ್ಕೆ ಕೈ ತೊಳಕೊಂಡ.

ನನಗೆ ಎಲ್ಲಕ್ಕಿಂತ ಇಷ್ಟ ಆ್ಯಪಲ್ ಆಫ್ ದಿ ಐ, ಅಂದ್ರೆ ತುಂಬ ಅಕ್ಕರೆಯವರು. ಮಕ್ಕಳು ಯಾವಾಗಲೂ ಕೇಳ್ತಾರೆ, ಕಣ್ಣಿನಲ್ಲಿ ಸೇಬು ಎಲ್ಲಿಂದ ಬಂತು ಅಂತ. ಹಿಂದೆ ಕಣ್ಣಿನ ಕಪ್ಪು ಭಾಗ ಒಂದು ಗಟ್ಟಿ ಗುಂಡು ಅಂದುಕೊಂಡಿದ್ದರು, ಹಾಗಾಗಿ ಸೇಬು. ಆದರೆ ಹೀಬ್ರೂ ಮೂಲದಲ್ಲಿ ಸೇಬು ಇಲ್ಲವೇ ಇಲ್ಲ. ಅಲ್ಲಿರುವ ಪದ ಇಶೋನ್. ಅಂದ್ರೆ ಕಣ್ಣಿನ ಪುಟ್ಟ ಮನುಷ್ಯ. ಹತ್ತಿರ ನಿಂತು ಯಾರದ್ದಾದರೂ ಕಣ್ಣು ನೋಡಿ, ನಿಮ್ಮದೇ ಒಂದು ಚಿಕ್ಕ ಗೊಂಬೆ ಕಾಣ್ತದೆ. ಅದು.

ಅಂಬಲಪಾಡಿ ಮಾಷ್ಟ್ರು · ಭಾನುವಾರ ಮಧ್ಯಾಹ್ನ 1:10

ಮೌಶಿಯವರೇ, ಊಟ ಬಿಟ್ಟು ಬರೆಯುತ್ತಿದ್ದೇನೆ! ಲ್ಯಾಟಿನಿನಲ್ಲಿ ಅದೇ ಭಾಗ ಪ್ಯೂಪಿಲ್ಲಾ, ಪುಟ್ಟ ಗೊಂಬೆ. ಇಂಗ್ಲಿಷಿನ ಪ್ಯೂಪಿಲ್ ಅಲ್ಲಿಂದಲೇ. ನಾವು ಏನನ್ನುತ್ತೇವೆ? ಕಣ್ಣಪಾಪೆ. ಪಾಪೆ ಎಂದರೆ ಗೊಂಬೆ. ತಮಿಳರ ಪಾವೈ ಕೂಡ ಗೊಂಬೆ, ಕಣ್ಣಪಾಪೆ ಎರಡೂ. ಹೀಬ್ರೂ, ಲ್ಯಾಟಿನ್, ಕನ್ನಡ. ಒಬ್ಬರನ್ನೊಬ್ಬರು ಕೇಳಿ ಬರೆದದ್ದಲ್ಲ. ಎಲ್ಲರೂ ಮಗುವನ್ನು ಎತ್ತಿಕೊಂಡು ಅದರ ಕಣ್ಣು ನೋಡಿದವರು, ಒಳಗೆ ಗೊಂಬೆ ಕಂಡವರು. ಇಂಗ್ಲಿಷಿನವನಿಗೆ ಕಂಡದ್ದು ಸೇಬು.

ನನ್ನ ಇಷ್ಟು ವರ್ಷದ ಪಾಠದಲ್ಲಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಚೆರಿಶ್ಡ್ ಪರ್ಸನ್ ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋದವನು.

ಮಣಿಪಾಲದ ಹಲ್ಲು · ಭಾನುವಾರ ಸಂಜೆ 4:02

ದಂತವೈದ್ಯ ವಿದ್ಯಾರ್ಥಿ. ಹಲ್ಲಿಗೆ ಚರ್ಮ ಇಲ್ಲ, ಅದಕ್ಕೇ ಯೋಬನ ಮಾತಿಗೆ ಅಷ್ಟು ಕಾವು: ಇಲ್ಲದ್ದರಷ್ಟೇ ಅಂತರದಲ್ಲಿ ಉಳಿದೆ ಅಂತ. ಆದರೂ ಪರೀಕ್ಷೆಯಲ್ಲಿ ಬರೆಯುವ ಒಂದು ಉತ್ತರ ಹೇಳಿಬಿಡ್ತೇನೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತವೆ, ಪೆಲ್ಲಿಕಲ್ ಅಂತ ಹೆಸರು. ಪೆಲ್ಲಿಸ್ ಅಂದರೆ ಲ್ಯಾಟಿನಿನಲ್ಲಿ ಚರ್ಮ!! ಯೋಬನಿಗೆ ಗೊತ್ತಿರಲಿಕ್ಕಿಲ್ಲ.

ಕನ್ನಡದಲ್ಲಿ ಇದಕ್ಕೆ ಕೂದಲೆಳೆಯ ಅಂತರ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಕೂತವರಿಗೆ ದಿನಾ ಅನುಭವ ಆಗ್ತದೆ.

ಚೌಕಿಯ ಮೂಲೆ · ಭಾನುವಾರ ರಾತ್ರಿ 8:30

ನನ್ನದು ಬ್ರೇಕ್ ಎ ಲೆಗ್ ಕಥೆ. ನಮ್ಮದೊಂದು ಹವ್ಯಾಸಿ ಯಕ್ಷಗಾನ ತಂಡ. ಬೆಂಗಳೂರಿನಲ್ಲಿ ಇಂಗ್ಲಿಷ್ ನಾಟಕ ಆಡುವ ಭಾವ ಒಮ್ಮೆ ನಮ್ಮ ಆಟ ನೋಡಲು ಬಂದ. ಸೀದಾ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಬಂದು, ಗೆಜ್ಜೆ ಕಟ್ಟಿ ಕಿರೀಟ ಏರಿಸಿಕೊಳ್ಳುತ್ತಿದ್ದ ಹಿರಿಯ ವೇಷಧಾರಿಯವರ ಬಳಿ "ಬ್ರೇಕ್ ಎ ಲೆಗ್ ಅಣ್ಣಾ" ಅಂದ. ಅವರು ನನ್ನ ಮುಖ ನೋಡಿದರು. ನನ್ನ ಬಾಯಿಗೆ ಆ ಹೊತ್ತಿಗೆ ಏನು ಬಂತೋ, "ಕಾಲು ಮುರೀಲಿ ಅಂತ ಹೇಳ್ತಾ ಇದ್ದಾನೆ" ಅಂದೆ.

ಚೌಕಿಯಲ್ಲಿ, ಗಣಪತಿ ಪೂಜೆ ಆದ ಜಾಗದಲ್ಲಿ, ಕಾಲೇ ಬಂಡವಾಳ ಆದವರಿಗೆ! ಅವರು ಏನೂ ಹೇಳಲಿಲ್ಲ. ಆ ರಾತ್ರಿ ದಿಗಿಣ (ಹಾರಿ ಸುತ್ತುವ ಕುಣಿತ) ಲೆಕ್ಕಕ್ಕಿಂತ ನಾಲ್ಕು ಹೆಚ್ಚೇ ಹೊಡೆದರು, ಒಂದೊಂದಕ್ಕೂ ಭಾವ ಕೂತ ಕಡೆ ನೋಡಿ.

ಮಾಷ್ಟ್ರೇ, ಇದಕ್ಕೂ ಲಿಂಕನ್ ಕಥೆ ಹೇಳ್ತಾರೆ. ಲಿಂಕನ್ನನನ್ನು ಕೊಂದ ನಟ ಬೂತ್ ರಂಗದ ಮೇಲೆ ಹಾರಿ ಕಾಲು ಮುರಿದುಕೊಂಡ ಅಂತ. ಹೌದಾ?

ಅಂಬಲಪಾಡಿ ಮಾಷ್ಟ್ರು · ಭಾನುವಾರ ರಾತ್ರಿ 9:05

ಬೂತ್ ಹಾರಿದ್ದು 1865ರಲ್ಲಿ. ಶುಭ ಕೋರುವ ಈ ಮಾತು ನಾಟಕದವರ ಬಾಯಲ್ಲಿ ಕೇಳಿದ್ದು 20ನೇ ಶತಮಾನದಲ್ಲಿ. ನಡುವೆ ಅರ್ಧ ಶತಮಾನ ಎಲ್ಲಿ ಅಡಗಿತ್ತು? ಜರ್ಮನರಲ್ಲಿ ಕತ್ತೂ ಕಾಲೂ ಮುರಿಯಲಿ ಎಂದು ಹಾರೈಸುವ ಒಂದು ಮಾತುಂಟು, ಹಾಲ್ಸ್ ಉಂಟ್ ಬೈನ್‌ಬ್ರುಖ್. ಅಲ್ಲಿಂದ ಬಂದಿರಬಹುದೆಂದು ಹಲವರ ಅಭಿಪ್ರಾಯ. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ, ಹಾಗಾಗಿ ಉಲ್ಟಾ ಹೇಳುವುದು.

ಅದು ನಮಗೆ ಹೊಸದಲ್ಲವಲ್ಲ. ಹೊರಡುವಾಗ ಹೋಗ್ತೇನೆ ಅನ್ನುವುದಿಲ್ಲ, ಹೋಗಿ ಬರ್ತೇನೆ. ದುಂಡಗಿರುವ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು. ನಿಮ್ಮ ವೇಷಧಾರಿಗಳಿಗೆ ಹಾಗೆ ಬಿಡಿಸಿ ಹೇಳಿದ್ದರೆ ಒಪ್ಪುತ್ತಿದ್ದರು. ಚೌಕಿಯಲ್ಲಿ ಹೇಳಬಾರದಿತ್ತು, ಅಷ್ಟೆ.

ಕದ್ರಿಗುಡ್ಡೆ · ಭಾನುವಾರ ರಾತ್ರಿ 9:48

ಬ್ರೇಕಿಂಗ್ ನ್ಯೂಸ್: ರೆಡ್ ಅಲರ್ಟ್, ಡಿಸಿಯವರು ನಾಳೆ ಶಾಲೆಗೆ ರಜೆ ಕೊಟ್ಟಿದ್ದಾರೆ. ಟೆಸ್ಟ್ ಬುಧವಾರಕ್ಕೆ. ಮಗಳು ಕುಣೀತಾ ಇದ್ದಾಳೆ, ಹೆಡ್ ಓವರ್ ಹೀಲ್ಸ್.

(ನಿಲ್ಲಿ, ಅದು ಸರಿಯಾ? ತಲೆ ಯಾವಾಗಲೂ ಹಿಮ್ಮಡಿಯ ಮೇಲೆಯೇ ಅಲ್ವಾ ಇರುವುದು?)

ಅಂಬಲಪಾಡಿ ಮಾಷ್ಟ್ರು · ಭಾನುವಾರ ರಾತ್ರಿ 10:00

ಒಳ್ಳೆಯ ಪ್ರಶ್ನೆ! ಮೊದಲು ಅದು ಹೀಲ್ಸ್ ಓವರ್ ಹೆಡ್ ಎಂದೇ ಇತ್ತು, ಲಾಗ ಹಾಕುವ ಭಂಗಿ. 18ನೇ ಶತಮಾನದಲ್ಲಿ ಯಾರದ್ದೋ ಬಾಯಲ್ಲಿ ತಿರುಗಿ ಬಿತ್ತು, ಹಾಗೇ ಉಳಿಯಿತು. ಆದರೆ ಈಗ ಅದು ಹೆಚ್ಚಾಗಿ ಪ್ರೀತಿಯಲ್ಲಿ ಬಿದ್ದವರಿಗೆ. ಮಳೆ ರಜೆಗೆ ಬಳಸಿದರೆ ಮಾರ್ಕು ಹೋದೀತು.

ಧಕ್ಕೆ ಕಾಕ · ಸೋಮವಾರ ಬೆಳಿಗ್ಗೆ 7:30

ಅಸ್ಸಲಾಮು ಅಲೈಕುಂ. ಬಂದರಿನ ಧಕ್ಕೆಯಲ್ಲಿ ನನ್ನದು ಮಂಜುಗಡ್ಡೆ ಕೆಲಸ. ಈಗ ಬೋಟಿಗೆ ರಜೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಟ್ರಾಲಿಂಗ್ ಬಂದ್. ಹಾಗಾಗಿ ಓದ್ಲಿಕ್ಕೆ ಪುರುಸೊತ್ತು ಉಂಟು.

ಇಂಗ್ಲಿಷಿನವ ದುಬಾರಿ ಅಂದ್ರೆ ಕೈಕಾಲು ಕೊಡ್ತಾನೆ, ಇಲ್ಲದಿದ್ದರೆ ಮೂಗಿನಲ್ಲಿ ಕೊಡ್ತಾನೆ, ಪೇ ಥ್ರೂ ದಿ ನೋಸ್. ಈ ತಿಂಗಳು ಅಂಜಲ್ ಮೀನಿನ ರೇಟು ಕೇಳಿದವರು ಎರಡೂ ಸೇರಿಸಿ ಕೊಡಬೇಕು. ನಾವು ಏನು ಹೇಳ್ತೇವೆ? ಕೈ ಸುಡ್ತದೆ. ಯಾಪಾರದಲ್ಲಿ ನಷ್ಟ ಆದವನೂ ಕೈ ಸುಟ್ಟುಕೊಂಡ. ಇಂಗ್ಲಿಷಿನವನದ್ದು ಬರೀ ಬೆರಳು ಸುಡುವುದು, ಬರ್ನ್ ಯುವರ್ ಫಿಂಗರ್ಸ್. ಅವ ಯಾವಾಗಲೂ ಸ್ವಲ್ಪ ದೂರ ನಿಂತೇ ಮಾಡುವುದು 😄

ಇನ್ನೊಂದು. ಆಫೀಸಿನಲ್ಲಿ ಫೈಲು ಹೋಗಬೇಕಾದ್ರೆ ಅವರಲ್ಲಿ ಅಂಗೈಗೆ ಗ್ರೀಸ್ ಹಚ್ಚುವುದು, ನಮ್ಮಲ್ಲಿ ಕೈ ಬಿಸಿ ಮಾಡುವುದು. ಅವರದ್ದು ಮೆಷಿನ್, ನಮ್ಮದು ಒಲೆ. ಫೈಲು ಹೋಗುವುದು ಒಂದೇ ಸ್ಪೀಡಿನಲ್ಲಿ.

ಪಿಗ್ಮಿ ಮಾಮ · ಸೋಮವಾರ ಬೆಳಿಗ್ಗೆ 8:40

ಕಾಕನವರ ಮಾತು ಕೇಳಿ ಟರ್ನ್ ಎ ಬ್ಲೈಂಡ್ ಐ ನೆನಪಾಯಿತು. ಇದನ್ನು ಮೊದಲೇ ಹುಡುಕಿ ನೋಡಿ ಬರೆಯುತ್ತಿದ್ದೇನೆ ಮಾಷ್ಟ್ರೇ! ನೆಲ್ಸನ್ ಎಂಬ ನೌಕಾಧಿಕಾರಿ 1794ರಲ್ಲಿ ಕಾರ್ಸಿಕಾದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡ. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಹಿಂದೆ ಸರಿ ಎಂದು ಮೇಲಧಿಕಾರಿಯ ಸಂಕೇತ ಬಂದಾಗ ಆ ಕಣ್ಣಿಗೆ ದುರ್ಬೀನು ಹಿಡಿದು ನನಗೇನೂ ಕಾಣುವುದಿಲ್ಲ ಅಂದನಂತೆ.

ಅಂಬಲಪಾಡಿ ಮಾಷ್ಟ್ರು · ಸೋಮವಾರ ಬೆಳಿಗ್ಗೆ 8:55

ಭೇಷ್. ದುರ್ಬೀನು ಹಿಡಿದದ್ದು ಆಮೇಲೆ ಸೇರಿದ ಬಣ್ಣ ಅನ್ನುವವರಿದ್ದಾರೆ, ಆದರೆ ಸಂಕೇತ ಮೀರಿ ಯುದ್ಧ ಮುಂದುವರಿಸಿದ್ದು ನಿಜ. ಕನ್ನಡದಲ್ಲಿ ಇದಕ್ಕೆ ಎಷ್ಟು ಚಂದದ ಪದ ಉಂಟು ನೋಡಿ: ಜಾಣಕುರುಡು. ಕಿವಿಗಾದರೆ ಜಾಣಕಿವುಡು. ಒಂದೇ ಪದದಲ್ಲಿ ಇಡೀ ನೆಲ್ಸನ್.

ಕುಂದಾಪ್ರ ಮಾಣಿ · ಸೋಮವಾರ ಬೆಳಿಗ್ಗೆ 11:15

ಮಾಷ್ಟ್ರೇ, ಒಂದು ತಕರಾರು. ಎಲ್ಲರೂ "ಕಾಲೆಳೆದರು, ಕಾಲೆಳೆದರು" ಅಂತ ಬರೀತಾರೆ, ಪೇಪರಿನವರು ಸಹ. "ನಟಿಯ ಕಾಲೆಳೆದ ನೆಟ್ಟಿಗರು." ಅದು ಕನ್ನಡವಾ? ನಮ್ಮ ಬದಿಯಲ್ಲಿ ಕಾಲು ಎಳೂದು ಅಂದ್ರೆ ಒಬ್ಬ ಮೇಲೆ ಹತ್ತುವಾಗ ಕೆಳಗಿಂದ ಎಳೂದು, ಹೊಟ್ಟೆಕಿಚ್ಚಿನ ಕೆಲಸ. ತಮಾಷೆಗೆ ಕುಶಾಲು ಅಂತ ನಮ್ಮದೇ ಪದ ಉಂಟು. ಇದು ಇಂಗ್ಲಿಷಿಂದ ಎತ್ತಿದ್ದು.

ಅಂಬಲಪಾಡಿ ಮಾಷ್ಟ್ರು · ಸೋಮವಾರ ಮಧ್ಯಾಹ್ನ 12:02

ತಮಾಷೆಯ ಅರ್ಥ ಇಂಗ್ಲಿಷಿನಿಂದ ಬಂದದ್ದೆಂದು ನನಗೂ ಅನ್ನಿಸುತ್ತದೆ. ಆದರೆ ಬಂದರೆ ತಪ್ಪೇನು? ಬೆನ್ನು ತಟ್ಟುವುದು, ಮೂಗು ತೂರಿಸುವುದು, ನಾಲಿಗೆಯ ತುದಿಯಲ್ಲಿರುವುದು ಇವೆಲ್ಲ ಎರಡೂ ಭಾಷೆಯಲ್ಲಿವೆ, ಯಾರದ್ದು ಯಾರಿಗೆ ಎಂದು ಜಗಳಾಡುವುದಿಲ್ಲ ನಾವು.

ಕುಂದಾಪ್ರ ಮಾಣಿ · ಸೋಮವಾರ ಮಧ್ಯಾಹ್ನ 12:20

ತಪ್ಪು ಇತ್ತ್. ಅವು ನಮ್ಮದರ ಪಕ್ಕದಲ್ಲಿ ಕೂತವು. ಇದು ನಮ್ಮದನ್ನು ಎಬ್ಬಿಸಿ ಅದರ ಮಣೆಯಲ್ಲಿ ಕೂತದ್ದು. ಈಗ ನಾನು "ಅವ ನನ್ನ ಕಾಲು ಎಳೆದ" ಅಂದ್ರೆ ಬೆಂಗಳೂರಿನವರು ನಗ್ತಾರೆ, ನನ್ನ ಪ್ರಮೋಷನ್ ಹೋದದ್ದು ಅವರಿಗೆ ಗೊತ್ತೇ ಆಗುದಿಲ್ಲೆ.

ಅಂಬಲಪಾಡಿ ಮಾಷ್ಟ್ರು · ಸೋಮವಾರ ಮಧ್ಯಾಹ್ನ 12:41

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾಣಿ. ಕಿಟ್ಟೆಲ್ ನಿಘಂಟು ತೆಗೆದು ಕೂರುತ್ತೇನೆ. 1894ರಲ್ಲಿ ನಿಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು, ನನ್ನ ಕಪಾಟಿನಲ್ಲಿ ಮರುಮುದ್ರಣ ಉಂಟು. ಕನ್ನಡಕ ಸಿಗಲಿ.

ಮಣಿಪಾಲದ ಹಲ್ಲು · ಸೋಮವಾರ ಸಂಜೆ 5:30

ಕಿವಿಯ ಸುದ್ದಿ ಯಾರೂ ಎತ್ತಲಿಲ್ಲ! ನನ್ನ ರೂಂಮೇಟ್ ಹೊರದೇಶದವಳು, ಹಾಡು ಕೇಳಿದರೆ ಶ್ರುತಿ ತಾಳ ತಿಳಿಯದವರಿಗೆ ಟಿನ್ ಇಯರ್ ಅಂತಾಳೆ. ನಾನು, ನಮ್ಮಲ್ಲೂ ಉಂಟು, ಹಿತ್ತಾಳೆ ಕಿವಿ ಅಂದೆ. ಒಂದು ವಾರ ಅವಳು ನಮ್ಮ ವಾರ್ಡನ್ನಿಗೆ ಸಂಗೀತ ಬರುವುದಿಲ್ಲ ಅಂದುಕೊಂಡಿದ್ದಳು. ನಾನು ಹೇಳಿದ್ದು ಅವರು ಚಾಡಿ ಮಾತು ನಂಬುತ್ತಾರೆ ಅಂತ.

ಇನ್ನೊಂದು ಗುಂಡಿ: ಹೇರ್ ಸ್ಟುಡ್ ಆನ್ ಎಂಡ್. ಕೂದಲು ನೆಟ್ಟಗಾದರೆ ಅವಳಿಗೆ ಬರೀ ಹೆದರಿಕೆ. ನನಗೆ ಒಳ್ಳೆಯ ಭಾಗವತರ ಪದ ಕೇಳಿದರೂ ಮೈ ನವಿರೇಳುತ್ತದೆ.

ಕದ್ರಿಗುಡ್ಡೆ · ಬುಧವಾರ ಸಂಜೆ 6:10

ಟೆಸ್ಟ್ ಆಯಿತು. ಮಾಷ್ಟ್ರ ಉಪಾಯ ಮಾಡಿದೆವು. ಸೋಮವಾರ, ಮಂಗಳವಾರ ಎರಡು ದಿನ ಹೊರಗೆ ಜಡಿಮಳೆ, ಒಳಗೆ ಅಜ್ಜಿ ಮೊಮ್ಮಗಳ ಆಟ. ಇವಳು ಇಂಗ್ಲಿಷಿನದ್ದರ ಅರ್ಥ ಹೇಳುವುದು, ಅತ್ತೆ ನಮ್ಮ ಅಂಗ ಹೇಳುವುದು. ಲೈಕ್ ದಿ ಬ್ಯಾಕ್ ಆಫ್ ಮೈ ಹ್ಯಾಂಡ್ ಅಂದ್ರೆ ತುಂಬ ಚೆನ್ನಾಗಿ ಗೊತ್ತಿರುವುದು ಅಂದಳು. ಅತ್ತೆಗೆ ಅಂಗೈಯ ನೆಲ್ಲಿಕಾಯಿ ಸಿಕ್ಕಿತು, ಆದರೂ ಸಮಾಧಾನ ಆಗಲಿಲ್ಲ. "ಮುಂಗೈ ಹಿಂದೆ ಎಂತ ನೋಡ್ಲಿಕ್ಕೆ ಉಂಟು ಅವರಿಗೆ? ಕೆಲಸ ಮಾಡುವುದು ಅಂಗೈ ಅಲ್ವಾ?" ಅಂತ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತರು. ಎಪ್ಪತ್ತೆರಡು ವರ್ಷದ ಕೈ, ಅಡಿಕೆ ಸುಲಿದ ಕೈ. ಹಿಂದುಗಡೆ ಒಂದು ಮಚ್ಚೆ ಇದೆಯಂತೆ, ಅವರಿಗೇ ಗೊತ್ತಿರಲಿಲ್ಲ.

ಪ್ರಶ್ನೆಪತ್ರಿಕೆಯಲ್ಲಿ ಗ್ರೀನ್ ಥಂಬ್ ಬಂದಿತ್ತು. ಇವಳು ಅಜ್ಜಿಯ ಕೈಗುಣ ನೆನೆದು ಬರೆದಳಂತೆ, ಅಜ್ಜಿ ನೆಟ್ಟ ಮಲ್ಲಿಗೆ ಗೂಟವೂ ಚಿಗುರುತ್ತದೆ ಅಂತ. ಹಾಟ್‌ಹೆಡೆಡ್ ಈ ಸಲ ಬರಲಿಲ್ಲ.

ಆದರೆ ಈಗ ಹೊಸ ಸಮಸ್ಯೆ. ಅತ್ತೆ ಇಂಗ್ಲಿಷ್ ಶುರು ಮಾಡಿದ್ದಾರೆ. ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡಿ ಫ್ರಿಜ್ಜು ಹಾಳಾಯಿತು. ಬೆಳಿಗ್ಗೆ ಯಜಮಾನರು ಎದ್ದು ಬರುವಾಗ ಅತ್ತೆ ಬಾಗಿಲಲ್ಲೇ ನಿಂತು ಹೇಳಿದ್ದು: "ಮಗಾ, ಫ್ರಿಜ್ಜು ಹ್ಯಾಂಡ್ ಕೊಟ್ಟಿತು."

ಧಕ್ಕೆ ಕಾಕ · ಬುಧವಾರ ಸಂಜೆ 6:14

ಫ್ರಿಜ್ಜಿನಲ್ಲಿ ಅಂಜಲ್ ಗಿಂಜಲ್ ಇರಲಿಲ್ಲ ಅಲ್ವಾ ಅಕ್ಕ?

ಕದ್ರಿಗುಡ್ಡೆ · ಬುಧವಾರ ಸಂಜೆ 6:20

ಇತ್ತು ಕಾಕ. ನಾಲ್ಕು ತುಂಡು. ಕೈ ಸುಟ್ಟುಕೊಂಡು ತಂದದ್ದು.